ಏನು ಬರೂದಿಲ್ಲ, ಅದನ್ನ ಮೊದಲ ಹೇಳ್ರಿ

ನನ್ನ ಮಗಳಿಗೆ ಐದು ತುಂಬಿದರೂ ಬಾಯಿಂದ ಒಂದು ಮಾತು ಹೊರಟಿರಲಿಲ್ಲ. ಎಪ್ಪತ್ತರ ದಶಕದ ನಡುವಿನ ಸಂಗತಿ ಇದು. ನಮ್ಮೂರು ಕುಂದಗೋಳಕ್ಕೂ ಸಂಶಿಗೂ ನಡುವೆ, ರೈಲು ಹಳಿಯಿಂದ ಎರಡು ಹೊಲ ಈಚೆಗೆ. ನಮ್ಮದು ಗಾಣದ ಮನೆ. ಮುಂದಿನ ಪಡಸಾಲೆಯಲ್ಲಿ ಎತ್ತಿನ ಗಾಣ, ಹಿಂದಿನ ಎರಡು ಅಂಕಣದಲ್ಲಿ ನಾವು: ನಮ್ಮವ್ವ, ನಾನು, ನನ್ನ ಹೆಂಡತಿ, ಇಬ್ಬರು ಗಂಡುಹುಡುಗರು, ಅವರ ಬೆನ್ನಿಗೆ ಹುಟ್ಟಿದ ಈ ಮಗಳು.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅಪ್ಪನ ಭುಜ ಮುರಿಯಿತು. ಮರುದಿನವೇ ಪಾಟಿ ಚೀಲ ಗೂಡಿನಲ್ಲಿಟ್ಟು ಎತ್ತಿನ ಹಿಂದೆ ನಿಂತೆ. ಅದಕ್ಕಾಗಿ ಯಾರ ಮುಂದೆಯೂ ಅತ್ತವನಲ್ಲ. ಕುಸುಬಿ ಎಣ್ಣೆ ತೆಗೆಯುವುದರಲ್ಲಿ ನನ್ನನ್ನು ಮೀರಿಸುವವನು ಆ ಸೀಮೆಯಲ್ಲಿ ಇರಲಿಲ್ಲ. ಸಂತೆಯಲ್ಲಿ ನನ್ನ ಡಬ್ಬಿಯ ಎಣ್ಣೆಯನ್ನು ಯಾರೂ ಮೂಸಿ ನೋಡಿ ಕೊಂಡದ್ದಿಲ್ಲ. ಹೀಗೆ ಬರೆದರೆ ಜಂಬ ಅನಿಸಬಹುದು. ಆ ಜಂಬವೇ ಮುಂದೆ ಮಗಳ ಆರು ತಿಂಗಳು ತಿಂದಿತು, ಅದನ್ನೂ ಬರೆಯುತ್ತೇನೆ.

ಮಗಳು ನೋಡಲು ಅಗದಿ ಚೆಲುವೆ. ಕರೆದರೆ ತಿರುಗುತ್ತಿರಲಿಲ್ಲ. ಕಿವುಡಿಯೇನಲ್ಲ, ಕುಸುಬಿ ಚೀಲದ ಬಾಯಿ ಬಿಚ್ಚಿದ ಸದ್ದಿಗೆ ಹಿತ್ತಲಿಂದ ಓಡಿ ಬರುತ್ತಿದ್ದಳು. ಬಂದು ಚೀಲದೊಳಗೆ ಮುಖವಿಟ್ಟು ಮೂಸಿ, ತೃಪ್ತಿಯಾದ ಮೇಲೆ ಹೊರಟುಹೋಗುವಳು. ರೊಟ್ಟಿ ತಿನ್ನುವಳು, ರೊಟ್ಟಿಗೆ ಪಲ್ಯ ತಾಗಿತೆಂದರೆ ಇಡೀ ತಾಟು ಒಲ್ಲಳು. ಕೈಗೆ ಬಳೆ ತೊಡಿಸಿದರೆ ಒರಳಿಗೆ ಬಡಿದು ಒಡೆಯುವಳು. ಮಂದಿಯ ಮುಖ ನೋಡಳು, ಎತ್ತಿನ ಮುಖ ನೋಡುವಳು. ಎತ್ತಿನ ಪಕ್ಕೆಗೆ ಹಣೆ ಹಚ್ಚಿ ನಿಂತುಬಿಟ್ಟರೆ, ಉಳಿದವರಿಗೆಲ್ಲ ಕೋಡು ಬೀಸುತ್ತಿದ್ದ ಆ ಎತ್ತು ಕಾಲು ಸಹ ಕದಲಿಸುತ್ತಿರಲಿಲ್ಲ.

ಗಾಣಕ್ಕೆ ಭಾರ ಬೇಕು. ಎತ್ತು ಎಳೆಯುವ ಹಲಗೆಯ ಮೇಲೆ ಕಲ್ಲು ಹೇರುತ್ತೇವೆ, ಇಲ್ಲವೇ ಯಾರಾದರೂ ಕೂಡುತ್ತಾರೆ. ಎಲ್ಲಿಯೂ ಒಂದು ಗಳಿಗೆ ನಿಲ್ಲದ ಮಗಳು ಆ ಹಲಗೆ ಹತ್ತಿ ಕೂತಳೆಂದರೆ ಒಂದು ಗಾಣ ಕುಸುಬಿ ಮುಗಿಯುವವರೆಗೆ ಇಳಿಯುತ್ತಿರಲಿಲ್ಲ. ಸುತ್ತುತ್ತ ಸುತ್ತುತ್ತ ಮೂಗಿನಲ್ಲೇ ಏನೋ ಗುನುಗುವಳು. ಅವಳ ಸಣ್ಣ ಬೆನ್ನು ನೋಡುತ್ತ ನಾನು ಎತ್ತಿನ ಹಿಂದೆ ಸುತ್ತುವುದು. ನನ್ನ ಮಟ್ಟಿಗೆ ಅದಕ್ಕಿಂತ ಸುಖದ ದಿನಗಳು ಕಡಿಮೆ.

ಆದರೆ ಮಾತು ಬರಲಿಲ್ಲ. ಬಜೆ ಬೇರು ತೇಯ್ದು ಜೇನಿನಲ್ಲಿ ನಾಲಿಗೆಗೆ ಹಚ್ಚಿದೆವು. ಅವಳು ಒಮ್ಮೆ ಉಗುಳಿ, ಆಮೇಲೆ ಆ ತೇಯುವ ಕಲ್ಲು ಕಂಡರೆ ಸಾಕು ಹಗ್ಗದ ಮಂಚದ ಕೆಳಗೆ ಸೇರುತ್ತಿದ್ದಳು. ಯಾರೋ ತಾಯತ ಹೇಳಿದರು, ಕಟ್ಟಿದೆವು, ಕಿತ್ತಳು. ನಮ್ಮವ್ವ ಅವಳನ್ನು ಮಠಕ್ಕೆ ಕರೆದೊಯ್ದು, ಕೂಸಿಗೆ ಏನಾದರೂ ಗಾಳಿ ಬಡಿದಿದೆಯೇನ್ರಿ ಎಂದು ಅಲ್ಲಿಯ ಸ್ವಾಮಿಗಳಾದ ಅಜ್ಜಾರನ್ನು ಕೇಳಿದಳು. ಅವರು ಮಗಳನ್ನು ಬಹಳ ಹೊತ್ತು ನೋಡಿ, ಕೂಸು ಅಗದಿ ಸಮಾಧಾನದಾಗ ಐತಿ, ಗಾಳಿ ಬಡದದ್ದು ನಿಮಗ, ಅಂದರಂತೆ. ಅವ್ವ ಅದನ್ನು ಒಂದು ತಿಂಗಳು ಎಲ್ಲರ ಮುಂದೆ ಹೇಳಿಕೊಂಡು ನಕ್ಕಳು. ಅಜ್ಜಾರೇ ಅಂದ ಮೇಲೆ ಓಣಿಯ ಮಂದಿಯೂ ದೆವ್ವದ ಮಾತು ಬಿಟ್ಟರು.

ಆರಕ್ಕೆ ಶಾಲೆಗೆ ಹಚ್ಚಬೇಕು. ನಾನು ಬಿಟ್ಟ ಶಾಲೆಯಲ್ಲಿ ನನ್ನ ಮೂರೂ ಮಕ್ಕಳು ಕೂಡಬೇಕು ಎಂಬುದು ನನ್ನ ಹಟ. ಗಂಡುಹುಡುಗರು ಕೂತಿದ್ದರು. ಮಗಳು ಕೂಡದೇ ಹೋದರೆ ಅವಳು ಜನ್ಮವಿಡೀ ಮನೆಯ ಒಳಗೇ ಉಳಿಯುತ್ತಾಳೆ, ಊರಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ನನಗೆ ಒಳಗೊಳಗೇ ಹೆದರಿಕೆ. ಅಂಥ ಒಬ್ಬ ಹೆಣ್ಣುಮಗಳನ್ನು ಒಂದು ಮನೆಯ ಹಿತ್ತಲಲ್ಲಿ ನಾನು ಸಣ್ಣವನಿದ್ದಾಗ ಕಂಡಿದ್ದೆ. ಮುಪ್ಪಾಗಿ ಸತ್ತಾಗಲೇ ಆಕೆ ಅಲ್ಲಿದ್ದಳೆಂದು ಎಷ್ಟೋ ಮಂದಿಗೆ ತಿಳಿದದ್ದು.

ಮಾಸ್ತರು ಒಳ್ಳೆಯವರು, ನಮ್ಮ ಎಣ್ಣೆಯ ಗಿರಾಕಿ. ಮೊದಲ ದಿನ ಅವಳನ್ನು ತಮ್ಮ ಕುರ್ಚಿಯ ಬಾಜು ಕೂಡಿಸಿಕೊಂಡರು. ಆ ಶಾಲೆಯ ಗಂಟೆಯೆಂದರೆ ಬೇವಿನ ಟೊಂಗೆಗೆ ತೂಗುಬಿಟ್ಟ ರೈಲು ಹಳಿಯ ತುಂಡು. ಕಬ್ಬಿಣದಿಂದ ಅದನ್ನು ಬಡಿದರೆ ಅರ್ಧ ಮೈಲಿಗೆ ಕೇಳಬೇಕು. ಬಡಿದರು. ಮಗಳು ಎರಡೂ ಕಿವಿ ಮುಚ್ಚಿಕೊಂಡು, ಕೂತ ಹುಡುಗರನ್ನು ತುಳಿದು ಓಡಿದವಳು ಕೆರೆಯ ದಂಡೆಯಲ್ಲಿ ಸಿಕ್ಕಳು. ಮರುದಿನವೂ ಹಾಗೇ ಆಯಿತು. ಮೂರನೇ ದಿನ ಮಾಸ್ತರು ಮನೆಗೇ ಬಂದರು. ನನಗೆ ಕಲಿಸಲು ಬೇಸರವಿಲ್ಲ, ಹೇಗೆ ಅಂತ ಗೊತ್ತಿಲ್ಲ, ಹುಬ್ಬಳ್ಳಿಯಲ್ಲಿ ಮಕ್ಕಳ ಡಾಕ್ಟರರಿಗೆ ತೋರಿಸಿ ಒಂದು ಚೀಟಿ ತನ್ನಿ, ಇಂಥ ಮಕ್ಕಳಿಗೆ ಎಲ್ಲಿ ಏನು ಅನುಕೂಲವಿದೆ ಅವರಿಗೆ ಗೊತ್ತಿರುತ್ತದೆ, ಎಂದು ಮೆಲ್ಲಗೆ ಹೇಳಿದರು.

ಇಂಥ ಮಕ್ಕಳು ಎಂಬ ಮಾತು ನನಗೆ ಚುಚ್ಚಿತು. ಆರು ತಿಂಗಳು ಅವರೊಂದಿಗೆ ಮಾತು ಬಿಟ್ಟೆ. ಅವರು ಎಣ್ಣೆಗೆ ಬಂದರೆ ಅಳತೆ ಹಾಕಿ ಕೊಟ್ಟು ಎತ್ತಿನ ಕಡೆ ತಿರುಗುತ್ತಿದ್ದೆ. ಕೊನೆಗೆ ಹೆಂಡತಿ ಒತ್ತಾಯ ಮಾಡಿ, ಹುಬ್ಬಳ್ಳಿಗೆ ಹೋಗುವುದೆಂದು ಆಯಿತು.

ಇಲ್ಲಿ ನಾವು ಮಾಡಿದ ತಪ್ಪು ಎಂಥದೆಂದು ತಿಳಿಯಬೇಕಾದರೆ ನಮ್ಮ ಕಡೆ ಕನ್ಯೆ ತೋರಿಸುವ ರೀತಿ ಗೊತ್ತಿರಬೇಕು. ಗಂಡಿನವರು ಬಂದು ಚಾಪೆಯ ಮೇಲೆ ಕೂಡುತ್ತಾರೆ. ಹುಡುಗಿಯನ್ನು ತಲೆ ಬಾಚಿ, ಹೂ ಮುಡಿಸಿ, ಚಂದ ಕಾಣುವ ಬದಿ ಅವರ ಕಡೆ ಬರುವಂತೆ ಕೂಡಿಸುತ್ತಾರೆ. ಅವರು ಏನು ಕೇಳಿದರೂ ಹುಡುಗಿಯ ಅಪ್ಪ, ಕಾಕಾ ಉತ್ತರ ಕೊಡಬೇಕು. ರೊಟ್ಟಿ ಬಡೀತಾಳೇನ್ರಿ ಅಂದರೆ, ಆಕಿ ಬಡದ ರೊಟ್ಟಿ ಉಬ್ಬಲಾರದ ಇರೂದ ಇಲ್ರಿ. ಹೊಲಿಗಿ ಬರತೈತೇನ್ರಿ ಅಂದರೆ, ಊರ ಕುಬಸ ಎಲ್ಲಾ ನಮ್ಮ ಹುಡಿಗೀನ ಹೊಲೀತಾಳ್ರಿ. ನಮ್ಮ ಅಕ್ಕನಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ, ಅಪ್ಪ ಹೀಗೇ ಹೇಳಿದ್ದ. ಗಂಡಿನವರೂ ಅದರಲ್ಲಿ ಅರ್ಧ ಕಳೆದೇ ಕೇಳುತ್ತಾರೆ. ಅದು ಮೋಸವಲ್ಲ, ಮರ್ಯಾದೆ. ಮನೆಯ ಹುಡುಗಿಯ ಕೊರತೆಯನ್ನು ಮನೆಯವನೇ ಆಡಿದರೆ ಅವನು ಅಪ್ಪನೇ ಅಲ್ಲ.

ಡಾಕ್ಟರರಿಗೂ ಮಗಳನ್ನು ನಾವು ಹಾಗೆಯೇ ತೋರಿಸಿದೆವು.

ಅವ್ವ ಹಿಂದಿನ ದಿನವೇ ತಯಾರಿಗೆ ನಿಂತಳು. ಹೊಸ ಲಂಗ, ಪೋಲಕ, ಕಣ್ಣಿಗೆ ಕಾಡಿಗೆ, ಎರಡು ಜಡೆ, ಕೆಂಪು ರಿಬ್ಬನ್. ರಿಬ್ಬನ್ನು ಕಟ್ಟುವಾಗ ಮಗಳು ಮಾಡಿದ ರಂಪಕ್ಕೆ ಓಣಿ ಕೂಡಿತು. ಆಮೇಲೆ ನಾನು ಗಾಣದ ಹಿಂಡಿಯ ಒಂದು ತುಂಡು ಕೈಯಲ್ಲಿಟ್ಟೆ. ಅದನ್ನು ಮೂಸುತ್ತ ಸುಮ್ಮನಾದಳು. ರೈಲು ಹತ್ತಿದ ಮೇಲಂತೂ ಬೇರೆಯೇ ಕೂಸು. ಡಬ್ಬಿಯ ನೆಲಕ್ಕೆ ಕೂತು, ಅಂಗೈ ಹಲಗೆಗೆ ಒತ್ತಿ, ಗಾಲಿಯ ಬಡಿತಕ್ಕೆ ಸರಿಯಾಗಿ ತಲೆದೂಗುತ್ತ ಹುಬ್ಬಳ್ಳಿ ಮುಟ್ಟುವತನಕ ನಗುತ್ತಿದ್ದಳು. ಹೆಂಡತಿ ಅವಳ ನಗು ನೋಡಿ ತಾನೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ಡಾಕ್ಟರರ ಕೋಣೆಯಲ್ಲಿ ಮೇಲೆ ಫ್ಯಾನು ತಿರುಗುತ್ತಿತ್ತು. ಮಗಳು ಅದನ್ನೇ ನೋಡುತ್ತ ಗೊಂಬೆಯ ಹಾಗೆ ಕೂತುಬಿಟ್ಟಳು. ಹೊರಗೆ ಮಂದಿ ಕಿಕ್ಕಿರಿದಿದ್ದರೂ ಡಾಕ್ಟರರು ಬೇಸರಿಸದೆ ಒಂದೊಂದೇ ಕೇಳಿದರು. ಮಾತಾಡುತ್ತಾಳೆಯೇ ಅಂದರು. ಮನ್ಯಾಗ ಭಾಳ ಮಾತ್ರಿ, ಮಂದಿ ಮುಂದ ನಾಚಿಗಿ, ಅಂದೆ. ಕರೆದರೆ ಬರುತ್ತಾಳೆಯೇ? ಒಂದ ಕರೀಗೆ ಬರ್ತಾಳ್ರಿ. ಬೇರೆ ಮಕ್ಕಳ ಜೋಡಿ ಆಡುತ್ತಾಳೆಯೇ? ಓಣಿ ಹುಡುಗೂರಿಗೆಲ್ಲ ಈಕೀನ ಮುಖ್ಯಸ್ಥಳ್ರಿ. ನನ್ನ ನಾಲಿಗೆ ಎಣ್ಣೆ ಹಚ್ಚಿದ ಹಾಗೆ ಓಡುತ್ತಿತ್ತು. ಹೆಂಡತಿ ಬಾಗಿಲ ಬಾಜು ನಿಂತಿದ್ದಳು. ಕನ್ಯೆ ತೋರಿಸುವಾಗ ತಾಯಿ ಬಾಯಿ ಹಾಕುವ ರೂಢಿಯಿಲ್ಲ, ಆಕೆಯನ್ನು ಅವರೂ ಕೇಳಲಿಲ್ಲ. ಕೊನೆಗೆ ಅವರು ಮಗಳ ಕಿವಿ, ಗಂಟಲು, ಎದೆ ನೋಡಿ, ದೇಹದಲ್ಲಿ ದೋಷವಿಲ್ಲ, ಶಾಲೆಗೆ ಕಳಿಸಬಹುದು, ಎಂದು ಚೀಟಿ ಬರೆದರು. ಒಂದು ಬಾಟಲಿ ಟಾನಿಕ್ಕೂ ಬರೆದರು. ಅವರದೇನೂ ತಪ್ಪಿಲ್ಲ. ಅಪ್ಪನಾದವನು ಹೇಳಿದ್ದರಲ್ಲಿ ಅರ್ಧ ಕಳೆಯಬೇಕೆಂದು ಅವರಿಗೇನು ಗೊತ್ತು.

ವರ ಒಪ್ಪಿದಷ್ಟು ಖುಷಿಯಲ್ಲಿ ಊರಿಗೆ ಬಂದೆವು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನು ಚೀಟಿಯನ್ನು ಮಾಸ್ತರರ ಮೇಜಿನ ಮೇಲೆ ಇಟ್ಟು, ಒಂದೂ ಮಾತಾಡದೆ ಬಂದೆ. ಅವರು ಓದಿ ನನ್ನನ್ನೊಮ್ಮೆ ನೋಡಿ, ಹೆಸರು ಬರೆದುಕೊಂಡರು.

ಎಂಟು ದಿನ ಆಗಿರಬೇಕು. ನಾನು ಎಣ್ಣೆ ಡಬ್ಬಿ ಹೇರಿಕೊಂಡು ಸಂಶಿಗೆ ಹೋಗಿದ್ದೆ. ತಿರುಗಿ ಬರುವಾಗ ನಮ್ಮ ಕಟ್ಟೆಯ ಮೇಲೆ ರೈಲು ಹಳಿಯ ಗ್ಯಾಂಗಿನ ಒಬ್ಬ ಮನುಷ್ಯ ಕೂತಿದ್ದ. ಅವನ ತೊಡೆಯ ಮೇಲೆ ಮಗಳು. ಹೆಂಡತಿ ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದಳು. ಗಂಟೆ ಬಡಿದಾಗ ಶಾಲೆಯಿಂದ ಓಡಿದ ಮಗಳು ಈ ಸಲ ಕೆರೆಗೆ ಹೋಗಿರಲಿಲ್ಲ. ರೈಲಿನ ರುಚಿ ನಾನೇ ಹಚ್ಚಿದ್ದೆನಲ್ಲ, ಹಳಿಗೆ ಹೋಗಿದ್ದಳು.

ಗ್ಯಾಂಗಿನವನು ಹೇಳಿದ: "ಹಳಿಗೆ ಕಿವಿ ಹಚ್ಚಿ ಮಲಗಿತ್ರಿ ಕೂಸು. ಗಾಡಿ ಬರೂ ವ್ಯಾಳೇಕ ನಾ ಆ ಬಾಜು ಇದ್ದೆ, ಎತ್ತಿಕೊಂಡ ಬಂದೆ. ಹೊಡೀಬ್ಯಾಡ್ರಿ. ಅದಕ್ಕ ಅಂಜಿಕೀನ ಗೊತ್ತಿಲ್ಲ."

ನಾನು ಅವನಿಗೆ ಒಂದು ಒಳ್ಳೆಯ ಮಾತು ಹೇಳುವುದನ್ನೂ ಮರೆತೆ. ಮಗಳನ್ನು ಅವನ ತೊಡೆಯಿಂದ ಎತ್ತಿ ಒಳಗೆ ಒಯ್ದೆ.

ಅವನು ಚಹಾ ಕುಡಿದು ಹೋದ ಮೇಲೆ ಹೆಂಡತಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದಳು. ನನ್ನ ಕಡೆ ತಿರುಗದೆಯೇ ಕೇಳಿದಳು:

"ಹುಬ್ಬಳ್ಳಿಗೆ ಯಾರನ್ನ ಕರಕೊಂಡ ಹೋಗಿದ್ರಿ?"

ಏನ ಕೇಳಾಕತ್ತಿ ಅಂದೆ.

"ಮಾತ ಆಡೂವಾಕಿ, ಕರದ್ರ ಬರೂವಾಕಿ, ಓಣಿ ಹುಡುಗೂರ ಜೋಡಿ ಆಡೂವಾಕಿ. ಆ ಹುಡಿಗಿ ಯಾರ್ರಿ? ನಮ್ಮ ಮಗಳನ್ನ ಇನ್ನೂ ಯಾವ ಡಾಕ್ಟರೂ ನೋಡಿಲ್ಲ."

ಮಗಳು ತಾಟಿನಲ್ಲಿದ್ದ ರೊಟ್ಟಿಯ ಅಂಚನ್ನು ಸುತ್ತಲೂ ಮುರಿದು ಒಂದು ಸಾಲಾಗಿ ಇಡುತ್ತಿದ್ದಳು.

ಮರುದಿನ ಮುಂಜಾನೆ ಶಾಲೆಗೆ ಹೋದೆ. ಮಾಸ್ತರು ಸಿಟ್ಟಾಗಲಿ ಎಂದು ಬಯಸಿದ್ದೆ, ಆಗ ನನಗೂ ಸಿಟ್ಟಾಗಲು ಬರುತ್ತಿತ್ತು. ಅವರು ಮೇಜಿನ ಖಾನೆಯಿಂದ ಆ ಚೀಟಿ ತೆಗೆದು ನನ್ನ ಮುಂದಿಟ್ಟರು. "ಚೀಟಿ ನೀವ ತಂದದ್ದು, ಮಗಳೂ ನಿಮ್ಮಾಕಿ. ಎರಡರಾಗ ಖರೇ ಯಾವುದು ಅಂತ ನೀವ ಹೇಳ್ರಿ, ಯಜಮಾನ್ರ." ನಾನು ತಲೆ ಕೆಳಗೆ ಹಾಕಿದ್ದು ನೋಡಿ ಅವರಿಗೇ ಕಸಿವಿಸಿಯಾಯಿತು. ಧಾರವಾಡದಲ್ಲಿ ತರಬೇತಿಗೆ ಹೋದಾಗ ಕೇಳಿದ ಒಂದು ಸುದ್ದಿ ಹೇಳಿದರು. ಅಲ್ಲಿ ಒಬ್ಬ ಹಿರಿಯ ಅಕ್ಕೋರು, ಶಾಲೆಯ ನೌಕರಿ ಬಿಟ್ಟವರು, ತಮ್ಮ ಮನೆಯ ಎರಡು ಕೋಣೆಯಲ್ಲಿ ಮಾತು ಬಾರದ, ಕೂಡಲು ಬಾರದ ಏಳೆಂಟು ಮಕ್ಕಳನ್ನು ಕೂಡಿಸಿಕೊಂಡು ಏನೋ ಕಲಿಸುತ್ತಾರಂತೆ. ವಿಳಾಸ ಗೊತ್ತಿಲ್ಲ, ಓಣಿಯ ಹೆಸರು ಗೊತ್ತು. ನಾನು ಹೋಗುತ್ತೇನೆಂದೆ. ಅವರಿಗೆ ನಮಸ್ಕಾರ ಮಾಡಿ ಬಂದೆ, ಆರು ತಿಂಗಳ ಮೇಲೆ.

ಈ ಸಲ ತಯಾರಿ ಇರಲಿಲ್ಲ. ಜಡೆ ಇಲ್ಲ, ರಿಬ್ಬನ್ ಇಲ್ಲ, ದಿನದ ಲಂಗ. ಹೆಂಡತಿ ಒಂದೇ ಕರಾರು ಹಾಕಿದಳು: ನೀವು ಸುಳ್ಳಿಗೆ ಬಾಯಿ ತೆರೆದರೆ ನಾನೂ ತೆರೆಯುತ್ತೇನೆ.

ಹುಬ್ಬಳ್ಳಿಯ ತನಕ ರೈಲು, ಅಲ್ಲಿಂದ ಬಸ್ಸು. ಬಸ್ಸಿನ ಹಾರ್ನಿಗೆ ಮಗಳು ಚೀರಿ ನನ್ನ ಕೈ ಕಚ್ಚಿದಳು. ಧಾರವಾಡದಲ್ಲಿ ಇಳಿದು ಕೇಳುತ್ತ ಕೇಳುತ್ತ ಹೋದೆವು. ಕೇಳುವುದು ನನ್ನ ಜಾಯಮಾನವಲ್ಲ. ದಾರಿ ತಪ್ಪಿದರೂ ತಿಳಿದವನ ಹಾಗೆ ನಡೆಯುವವನು ನಾನು. ಅವತ್ತು ಕಿರಾಣಿ ಅಂಗಡಿಯವನನ್ನು ಕೇಳಿದೆ, ಹಾಲಿನವನನ್ನು ಕೇಳಿದೆ, ನಳದ ಮುಂದೆ ಕೊಡ ಹಿಡಿದು ನಿಂತ ಹೆಣ್ಣುಮಕ್ಕಳನ್ನು ಕೇಳಿದೆ. ಏನಂತ ಕೇಳಬೇಕೆಂದೇ ಮೊದಲು ತಿಳಿಯಲಿಲ್ಲ. ಆಮೇಲೆ, ಮಾತು ಬಾರದ ಮಕ್ಕಳ ಅಕ್ಕೋರ ಮನೆ ಎಲ್ಲೈತ್ರಿ ಅಂದೆ. ಒಬ್ಬ ಮುದುಕಿ ಮಗಳ ಗಲ್ಲ ಸವರಿ, ಕೈ ಹಿಡಿದು ಮನೆಯ ಮುಂದೆ ಬಿಟ್ಟು ಹೋದಳು.

ಅಕ್ಕೋರಿಗೆ ಅರವತ್ತರ ಸುಮಾರು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿತ್ತು. ಒಳಗೆ ಒಬ್ಬ ಹುಡುಗ ಗೋಡೆ ಹಿಡಿದು ತೂಗಾಡುತ್ತಿದ್ದ, ಒಬ್ಬಳು ಅವರೆಕಾಳನ್ನು ಬೋಗುಣಿಯಿಂದ ಬೋಗುಣಿಗೆ ಸುರುವುತ್ತಿದ್ದಳು. ಅಕ್ಕೋರು ನಮ್ಮನ್ನು ಕೂಡೆಂದು, ಮಗಳಿಗೆ ಏನೂ ಅನ್ನದೆ, ಅವಳಿಂದ ಮಾರು ದೂರದಲ್ಲಿ ನೆಲಕ್ಕೆ ಕೂತು ತಮ್ಮಷ್ಟಕ್ಕೆ ಹತ್ತಿ ಬಿಡಿಸುತ್ತ ಕೂತರು. ಅರ್ಧ ತಾಸು ಹೀಗೇ. ನನಗೆ ಚಡಪಡಿಕೆ. ಮಗಳು ಕೋಣೆಯೆಲ್ಲ ಸುತ್ತಿ, ಮೂಲೆ ಮೂಲೆ ಮೂಸಿ, ಕೊನೆಗೆ ಬಂದು ಅವರ ಸೆರಗು ಮೂಸಿ ಬಾಜು ಕೂತಳು. ಆಗ ಅವರು ನನ್ನ ಕಡೆ ತಿರುಗಿದರು.

"ಏನು ಬರೂದಿಲ್ಲ, ಅದನ್ನ ಮೊದಲ ಹೇಳ್ರಿ."

ತನ್ನ ಎಣ್ಣೆ ಕಮಟು ಎಂದು ಗಾಣದವನು ಹೇಳಿದ್ದುಂಟೇ. ಹೆಂಡತಿ ನನ್ನ ಮುಖ ನೋಡಿದಳು, ಆದರೆ ಬಾಯಿ ತೆರೆಯಲಿಲ್ಲ, ನನಗೇ ಬಿಟ್ಟಳು. ಕೊನೆಗೆ, ಮಾತ ಬರೂದಿಲ್ರಿ, ಅಂದೆ. ಅದೊಂದು ಹೊರಟ ಮೇಲೆ ಉಳಿದದ್ದು ತಾನೇ ಬಂತು. ಕರೆದರೆ ತಿರುಗುವುದಿಲ್ಲ. ನೋವಾದರೆ ತೋರಿಸುವುದಿಲ್ಲ, ಒಮ್ಮೆ ಕಾಲಿಗೆ ಮುಳ್ಳು ನಟ್ಟು ಕೀವಾದ ಮೇಲೆ ನಮಗೆ ತಿಳಿಯಿತು. ಹಸಿವೆ ಅಂತ ಕೇಳುವುದಿಲ್ಲ. ಗಂಟೆಗೆ ಓಡುತ್ತಾಳೆ. ರೈಲು ಹಳಿಯ ಮೇಲೆ ಮಲಗಿದ್ದಳು. ಹುಬ್ಬಳ್ಳಿಯಲ್ಲಿ ನಾನು ಆಡಿದ ಸುಳ್ಳನ್ನೂ ಹೇಳಿದೆ. ಅವರು ನಗಲಿಲ್ಲ. ಎಲ್ಲ ಅಪ್ಪಂದಿರೂ ಹಾಗೆಯೇ ಅಂದರು. ತಮ್ಮ ಸ್ವಂತ ತಮ್ಮನೂ ಇಂಥವನೇ ಇದ್ದ, ಅವನನ್ನು ತಮ್ಮ ತಂದೆ ಬಂದವರ ಮುಂದೆ ತೋರಿಸದೇ ಇದ್ದರು, ಎಂದೂ ಅಂದರು.

ಆಮೇಲೆ, ಏನು ಬರುತ್ತದೆ ಈಗ ಹೇಳ್ರಿ, ಅಂದರು.

ಇದಕ್ಕೆ ನನ್ನಲ್ಲಿ ಉತ್ತರ ಬಹಳ ಇರಬೇಕಿತ್ತು. ಡಾಕ್ಟರರ ಮುಂದೆ ಅಷ್ಟು ಹೊಗಳಿದವನು. ಹುಡುಕಿದರೆ ಒಂದೂ ಸಿಗಲಿಲ್ಲ. ಅಲ್ಲಿ ಹೇಳಿದ್ದೆಲ್ಲ ನನ್ನ ಗಂಡುಹುಡುಗರ ಗುಣಗಳು. ಮಗಳ ಬೆನ್ನು ನೋಡಿದ್ದೆ, ಮಗಳನ್ನು ನೋಡಿರಲಿಲ್ಲ.

ಹೆಂಡತಿ ಆಗ ಬಾಯಿ ತೆರೆದಳು. ಹಳೆ ಕುಸುಬಿ ಯಾವುದು ಹೊಸ ಕುಸುಬಿ ಯಾವುದು ಮಗಳಿಗೆ ಮೂಸಿದರೆ ತಿಳಿಯುತ್ತದೆ, ಹಳೆಯದರಲ್ಲಿ ಮುಖ ಇಡುವುದಿಲ್ಲ. ಎತ್ತಿಗೆ ನೀರಡಿಸಿದರೆ ನಮಗಿಂತ ಮೊದಲು ಅವಳು ನೀರಿನ ಬಾನಿಯ ಹತ್ತಿರ ಹೋಗಿ ನಿಲ್ಲುತ್ತಾಳೆ. "ಮತ್ತ, ಗಾಣದಾಗ ಎಣ್ಣಿ ಬಿಟ್ಟಕೂಡ್ಲೆ ಸಪ್ಪಳ ಬ್ಯಾರೆ ಆಗತೈತ್ರಿ. ಆಗ ಆಕಿ ಹಲಗಿ ಬಿಟ್ಟ ಇಳೀತಾಳ. ಇವರು ಎತ್ತ ನಿಂದರಸೂದು ಆಕಿ ಇಳದ ಮ್ಯಾಲ."

ನಾನು ಹೆಂಡತಿಯ ಕಡೆ ನೋಡಿದೆ. ಖರೇ ಇತ್ತು. ಮಗಳು ಇಳಿದಾಗ ನಾನು ಎತ್ತು ನಿಲ್ಲಿಸುತ್ತಿದ್ದೆ. ಎಣ್ಣೆಯ ಹದ ನನ್ನ ಕಿವಿಗೆ ತಿಳಿಯುತ್ತದೆಂದು ಜಂಬ ಪಡುತ್ತಿದ್ದೆ. ಎರಡು ವರ್ಷದಿಂದ ಹದ ನೋಡುತ್ತಿದ್ದವಳು ಅವಳು.

"ಇಷ್ಟ ಬರತೈತಿ ಅಂದ್ರ ಭಾಳ ಆತು," ಅಂದರು ಅಕ್ಕೋರು. "ಈಗ ಕೆಲಸ ಶುರು ಮಾಡೂಣು."

ಅವರ ಹತ್ತಿರ ಔಷಧವಿರಲಿಲ್ಲ. ಇದಕ್ಕೆ ಏನು ಹೆಸರು ಅಂತ ಕೇಳಿದೆ. ಹೆಸರು ಡಾಕ್ಟರರು ಇಡುತ್ತಾರೆ, ಅದರಿಂದ ಕೂಸಿಗೆ ಊಟ ಮಾಡಿಸಲು ಬರುವುದಿಲ್ಲ, ಅಂದರು. ಮಗಳನ್ನು ಅಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ, ದಿನಾ ಬರಲು ದೂರ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಬನ್ನಿ, ಅವಳಿಗಲ್ಲ, ನಿಮಗೆ ಕಲಿಸುತ್ತೇನೆ, ಅಂದರು. ಕಲಿಸಿದ್ದು ಬಹಳ ಸಣ್ಣ ಸಣ್ಣ ಸಂಗತಿ. ನೀರು ಕೊಡುವ ಮೊದಲು ದಿನವೂ ಅದೇ ತಂಬಿಗೆ ಅವಳ ಕೈಗೆ ಕೊಡುವುದು. ಗಾಣಕ್ಕೆ ಕರೆಯುವ ಮೊದಲು ಹಗ್ಗದ ತುಂಡು, ಶಾಲೆಗೆ ಹೊರಡುವ ಮೊದಲು ಪಾಟಿಯ ಚೂರು. ಮುಂದೆ ಏನಾಗುತ್ತದೆಂದು ಅವಳಿಗೆ ಕೈಯಿಂದ ತಿಳಿಯಲಿ, ಮಾತು ಬಂದಾಗ ಬರಲಿ. ದಾರಿ ಬದಲಿಸಬಾರದು, ಕರೆದೊಯ್ಯುವವರು ಬದಲಾಗಬಾರದು. ಶಾಲೆಯಲ್ಲಿ ಒಂದೇ ತಾಸು, ಬಾಗಿಲ ಬಾಜು. ಗಂಟೆ ಮಾತ್ರ ಕಿವಿಯ ಹತ್ತಿರ ಬೇಡ. ಮಾಸ್ತರರಿಗೆ ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಟ್ಟರು.

ಕಾಗದ ಓದಿ ಮಾಸ್ತರು ತಲೆ ಕೆರೆದುಕೊಂಡರು. ಉಳಿದದ್ದೆಲ್ಲ ಆದೀತು, ಗಂಟೆಯದು ಕಷ್ಟ. ಅದು ಬರೀ ಶಾಲೆಯದಲ್ಲ, ಊರಿನದು. ಅದನ್ನು ಕೇಳಿ ಹೆಣ್ಣುಮಕ್ಕಳು ಒಲೆ ಹಚ್ಚುತ್ತಾರೆ, ಹೊಲದವರು ಬುತ್ತಿ ಬಿಚ್ಚುತ್ತಾರೆ. ಹಿರಿಯರನ್ನು ನೀವೇ ಕೇಳಿ, ಅಂದರು. ಹೋಗಿ ಕೇಳಿದೆ. ನನ್ನ ಆಯುಷ್ಯದಲ್ಲಿ ಯಾರ ಮುಂದೆಯೂ ಕೈ ಮುಗಿದು ಏನನ್ನೂ ಕೇಳಿದವನಲ್ಲ. ಅವತ್ತು ಚಾವಡಿಯಲ್ಲಿ ಐದು ಜನರ ಮುಂದೆ, ನನ್ನ ಮಗಳಿಗೆ ಆ ಸಪ್ಪಳ ತಡೆಯುವುದಿಲ್ಲ, ಗಂಟೆಯನ್ನು ಚಾವಡಿಯ ಮುಂದೆ ತೂಗಬಿಡಿರಿ, ಅಂದೆ. ಗಂಟೆ ಸ್ಥಳಾಂತರ ಆಯಿತು. ಚೇಷ್ಟೆಯೂ ಆಯಿತು. ಕಟ್ಟೆಯ ಮೇಲಿನ ಒಬ್ಬ ಮುದುಕ ನಾನು ಹಾಯುವಾಗೆಲ್ಲ ಅನ್ನುತ್ತಿದ್ದ: "ಮಗಳ ಮದುವಿಗೆ ಓಣಿ ಅಗಲ ಮಾಡಿಸಿದವರನ್ನ ಕಂಡೀನಿ. ಮಗಳ ಸಾಲಿಗೆ ಊರ ಗಂಟಿ ಕಿತ್ತಿಸಿದಾಂವ ಇಂವ ಒಬ್ಬಾಂವನ ನೋಡೋ ಮಾರಾಯಾ." ಆದರೆ ಅದೇ ಮುದುಕ, ಮಗಳು ಶಾಲೆಗೆ ಹೋಗುವ ದಾರಿಯಲ್ಲಿ ಕಟ್ಟಿದ್ದ ತನ್ನ ಎಮ್ಮೆಯನ್ನು ಹೇಳದೆ ಕೇಳದೆ ಈಚೆಗೆ ಕಟ್ಟಿದ.

ದಿನಾ ಹೆಂಡತಿ ಕರೆದೊಯ್ಯುವಳು, ಒಂದು ತಾಸಿಗೆ ಕರೆತರುವಳು. ಮಗಳು ಮೊದಲು ಬಾಗಿಲ ಹೊರಗೆ ಕೂತಳು. ಎರಡು ತಿಂಗಳ ಮೇಲೆ ಹೊಸ್ತಿಲ ಮೇಲೆ. ದೀಪಾವಳಿಯ ಹೊತ್ತಿಗೆ ಒಳಗೆ.

ಅಷ್ಟರಲ್ಲಿ ಶಾಲೆ ತಪಾಸಣೆಗೆ ಸಾಹೇಬರು ಬಂದರು. ಹಾಜರಿ ಪುಸ್ತಕ ನೋಡುತ್ತ, ದಿನಕ್ಕೆ ಒಂದೇ ತಾಸು ಬರುವ, ಒಂದೂ ಅಕ್ಷರ ಆಡದ ಹುಡುಗಿಯ ಹೆಸರು ಇಲ್ಲೇಕೆ ಎಂದು ಮಾಸ್ತರರನ್ನು ಕೇಳಿದರು. ನನಗೆ ಕರೆ ಬಂತು. ಎಣ್ಣೆಯ ಕೈ ಒರೆಸಿಕೊಂಡು ಓಡಿದೆ. ಹಿಂದೆಯೇ ಹೆಂಡತಿ ಬಂದಳು. ಊರ ಹಿರಿಯರು ನಾಲ್ಕೈದು ಜನ, ಎಣ್ಣೆಗೆ ಬಂದ ಬೇರೆ ಊರಿನವರೊಬ್ಬರು, ಎಲ್ಲ ಬಾಗಿಲಲ್ಲಿ ನಿಂತರು. ಸಾಹೇಬರ ಕೈಯಲ್ಲಿ ಹುಬ್ಬಳ್ಳಿಯ ಚೀಟಿ ಇತ್ತು. ಇದರಲ್ಲಿ ದೋಷವಿಲ್ಲ ಅಂತಿದೆ, ದೋಷವಿಲ್ಲದ ಹುಡುಗಿ ಪೂರ್ತಿ ಹೊತ್ತು ಕೂಡಬೇಕು, ಇಲ್ಲವೇ ಹೆಸರು ತೆಗೆಯಬೇಕು, ಅಂದರು.

ಚೀಟಿ ಖರೇ ಅಂದರೆ ಮಗಳು ಇಡೀ ದಿನ ಕೂಡಬೇಕು, ಅದು ಅವಳಿಂದ ಆಗದು. ಸುಳ್ಳು ಅಂದರೆ ಅದೇ ಕಾರಣಕ್ಕೆ ಹೆಸರು ಹೋಗಬಹುದು, ಊರ ಮುಂದೆ ನನ್ನ ಮಾನವೂ. ಆದರೂ ಹೇಳಿದೆ:

"ಡಾಕ್ಟರ್ ಸುಳ್ಳ ಬರದಿಲ್ರಿ, ಸಾಹೇಬ್ರ. ನಾ ಸುಳ್ಳ ಹೇಳಿದ್ದೆ. ನನ್ನ ಮಗಳಿಗೆ ಮಾತ ಬರೂದಿಲ್ಲ. ಸಪ್ಪಳ ತಡಿಯೂದಿಲ್ಲ. ಮಂದಿ ಮಕ್ಕಳಂಗ ಆಕಿ ಎಂದೂ ಆಗೂದಿಲ್ಲೇನೋ, ನನಗ ಗೊತ್ತಿಲ್ಲ. ಆದ್ರ ನಾಕ ತಿಂಗಳ ಹಿಂದ ಈ ಅಂಗಳಕ್ಕ ಬರ್ತಿದ್ದಿಲ್ಲ. ಇವತ್ತ ಅಲ್ಲಿ ಕುಂತಾಳ, ನೋಡ್ರಿ. ನೀರ ಬೇಕಾದ್ರ ತಂಬಿಗಿ ತಂದ ಕೊಡ್ತಾಳ. ಒಂದ ತಾಸ ಆಕೀಗೆ ಇಡೀ ದಿನ ಇದ್ದಂಗ. ಅಷ್ಟ ಕೊಡ್ರಿ, ಸಾಕು."

ಸಾಹೇಬರು ಮಗಳ ಕಡೆ ನೋಡಿದರು. ಅವಳು ಅವರ ಬೂಟಿನ ಲಾಡಿ ಮೂಸುತ್ತಿದ್ದಳು. ಅವರು ಕಾಲು ಹಿಂದಕ್ಕೆ ತೆಗೆಯಲಿಲ್ಲ. ಹೆಸರು ಇರಲಿ, ಒಂದು ತಾಸನ್ನೇ ಹಾಜರಿ ಅಂತ ಹಿಡಿಯಿರಿ, ಅವಳು ಏನು ಕಲಿತಳೆಂದು ಬೇರೆ ಹಾಳೆಯಲ್ಲಿ ಬರೆದಿಡಿ, ಎಂದು ಮಾಸ್ತರರಿಗೆ ಹೇಳಿದರು. ಹೊರಡುವಾಗ ನನ್ನನ್ನು ಬಾಜು ಕರೆದು ಧಾರವಾಡದ ಅಕ್ಕೋರ ಓಣಿಯ ಹೆಸರು ಕೇಳಿ ಬರೆದುಕೊಂಡರು. ತಮ್ಮ ತಿರುಗಾಟದಲ್ಲಿ ಇಂಥ ಮೂರ್ನಾಲ್ಕು ಮಕ್ಕಳನ್ನು ಮನೆಗೆ ಕಳಿಸಿದ್ದು ನೋಡಿದ್ದಾರಂತೆ.

ಹಾದಿಯಲ್ಲಿ ಹೆಂಡತಿ ನನ್ನಿಂದ ಎರಡು ಹೆಜ್ಜೆ ಹಿಂದೆ ಬರುತ್ತಿದ್ದವಳು ಸಮಕ್ಕೆ ಬಂದು ನಡೆದಳು. ಅವತ್ತು ನನ್ನ ರೊಟ್ಟಿಗೆ ಬೆಣ್ಣೆ ಸ್ವಲ್ಪ ಜಾಸ್ತಿಯೇ ಬಿತ್ತು.

ಬಾಗಿಲಲ್ಲಿ ನಿಂತಿದ್ದ ಆ ಬೇರೆ ಊರಿನ ಗಿರಾಕಿ ಮರುವಾರವೂ ಎಣ್ಣೆಗೆ ಬಂದ. ಅದರ ಮರುವಾರವೂ ಬಂದ. ಒಂದು ಮನೆಗೆ ಅಷ್ಟು ಎಣ್ಣೆ ಹೇಗೆ ತೀರುತ್ತದೆಂದು ನನಗೆ ಸೋಜಿಗ. ನನಗಿಂತ ಹಿರಿಯ, ಹೊಲಮನೆ ಇದ್ದವನು, ತಲೆಗೆ ಸುತ್ತಿದ ದೊಡ್ಡ ಪಟಗಾ. ಮೂರನೇ ಸಲ ಡಬ್ಬಿ ಕೈಗೆ ಕೊಟ್ಟರೂ ಹೋಗದೆ ಎತ್ತಿನ ಬೆನ್ನು ಸವರುತ್ತ ನಿಂತ. ಕೊನೆಗೆ ಎತ್ತಿಗೆ ಹೇಳಿದ ಹಾಗೆ ಹೇಳಿದ:

"ನಮ್ಮ ಮನ್ಯಾಗೂ ಒಂದ ಐತ್ರಿ. ಗಂಡ ಹುಡುಗ. ಒಂಬತ್ತ ವರ್ಷ."

ನಾನು ಎತ್ತು ನಿಲ್ಲಿಸಿದೆ. ಸೋಮವಾರ ನಾವು ಧಾರವಾಡಕ್ಕೆ ಹೋಗುವವರಿದ್ದೇವೆ, ಕರಕೊಂಡ ಬರ್ರಿ, ಕೂಡೇ ಹೋಗೂಣು, ಅಂದೆ.

ಸೋಮವಾರ ಹುಬ್ಬಳ್ಳಿಯಿಂದ ಹೊರಟ ಬಸ್ಸಿನಲ್ಲಿ ಆ ಹುಡುಗ ಒಂದೇ ಸಮನೆ ಚೀರಿದ. ಅದನ್ನು ಕೇಳಿ ನನ್ನ ಮಗಳು ಕಿವಿ ಮುಚ್ಚಿಕೊಂಡು ಸೀಟಿನ ಕೆಳಗೆ ಸೇರಿದಳು. ಅವಳನ್ನು ಸಮಾಧಾನ ಮಾಡಲು ಹೆಂಡತಿಯೂ ಕೆಳಗೆ ಕೂತಳು. ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ಪಟಗಾದವನು ಕಿಟಕಿಯ ಹೊರಗೆ ಮುಖ ಹಾಕಿ, ತಾನು ಆ ಹುಡುಗನ ಜೊತೆಗೆ ಬಂದೇ ಇಲ್ಲ ಎನ್ನುವ ಹಾಗೆ ಕೂತಿದ್ದ. ಆ ಕೂಡುವಿಕೆ ನನಗೆ ಪರಿಚಯದ್ದು. ಕಂಡಕ್ಟರ ಟಿಕೀಟಿನ ಕಟ್ಟು ಹಿಡಿದು ಬಂದು, ಈ ಹುಡುಗರು ಯಾರವು ಕಾಕಾ, ಅಂದ.

"ನಮ್ಮವು," ಅಂದೆ. "ಎರಡೂ."